ಉಕ್ಕಿನ ಯಕ್ಷನಿಗೆ ಆಯುಧಪೂಜೆ

ಡಬ್ಲಿನ್ನಿನ ಹೊರವಲಯದ ಟಾಲಾದ ಕನ್ನಡಿಗರಲ್ಲಿ ಸಂಗೀತ ಬಲ್ಲವರು ಯಾರು ಎಂದು ಕೇಳಿದರೆ ನಾವೆಲ್ಲ ಮಧುಸೂದನನ ಹೆಸರು ಹೇಳುತ್ತೇವೆ. ನಾವು ಹೇಳದಿದ್ದರೆ ಅವನೇ ಹೇಳಿಕೊಳ್ಳುತ್ತಾನೆ. ತುಮಕೂರಿನಲ್ಲಿದ್ದಾಗ ತನ್ನ ಬೀದಿಯ ಗಣೇಶೋತ್ಸವದಲ್ಲಿ ಮೈಕಿನ ಮುಂದೆ ನಿಂತು ‘ಹಲೋ, ಮೈಕ್ ಟೆಸ್ಟಿಂಗ್’ ಎನ್ನುವ ಜವಾಬ್ದಾರಿಯನ್ನು ಅವನು ಹಲವು ವರ್ಷ ಹೊತ್ತಿದ್ದ. ಎಂತೆಂಥ ವಿದ್ವಾಂಸರು ಬಂದು ಹಾಡಿದರೂ ಆ ವೇದಿಕೆಯ ಮೊದಲ ಧ್ವನಿ ತನ್ನದೇ ಎಂಬುದು ಅವನ ವಾದ. ಹೆಂಡತಿ ವಾಸಂತಿಗೆ ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಇವನು ಅವಳ ಹಿಂದೆ ವಿಮಾನ ಹತ್ತಿ ಬಂದ. ಈಗ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾನೆ. ಆದರೂ ಸಂಗೀತದ ಮಾತು ಬಂದಾಗ ಅವನು ಕುರ್ಚಿಯಲ್ಲಿ ಕೂರುವ ಭಂಗಿಯೇ ಬದಲಾಗುತ್ತದೆ.

ಈ ಸಂಗೀತಜ್ಞನಿಗೆ ಒಂದು ಕಾಯಿಲೆ ಇದೆ. ಅದು ದಾಕ್ಷಿಣ್ಯ. ಎದುರಿಗಿದ್ದವರ ಮುಖ ಕಂಡರೆ ಅವನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಡುವುದಿಲ್ಲ. ಬಾಗಿಲಿಗೆ ಬಂದ ಹುಡುಗರು ಮಳೆಯಲ್ಲಿ ನೆನೆದಿದ್ದಾರೆ ಎಂಬ ಒಂದೇ ಕಾರಣಕ್ಕೆ ಒಂದೇ ಮನೆಗೆ ಎರಡು ಕಂಪನಿಗಳ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವನು ಅವನು. ಈ ಕಾಯಿಲೆಗೆ ವಾಸಂತಿಯ ಆಸ್ಪತ್ರೆಯಲ್ಲಿ ಮದ್ದಿಲ್ಲ. ಅದನ್ನು ಅವಳೇ ವಿಚಾರಿಸಿ ನೋಡಿದ್ದಾಳೆ.

ಅವರ ಮನೆಯ ಗೋಡೆಗೆ ಅಂಟಿಕೊಂಡಿದ್ದ ಪಕ್ಕದ ಮನೆ ಫಿಂಟನ್ ಎಂಬ ಐರಿಷ್ ಮುದುಕನದು. ಹಡಗಿನ ಇಂಜಿನಿಯರಾಗಿ ಲೋಕ ಸುತ್ತಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ವಾರವಿಡೀ ಆ ಮನೆಯಿಂದ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಶನಿವಾರ ಮಧ್ಯಾಹ್ನ ಮಾತ್ರ ಗೋಡೆ ನಡುಗುತ್ತಿತ್ತು. ಈ ಕಡೆ ಮೊಳೆಗೆ ತೂಗುಹಾಕಿದ್ದ ವೆಂಕಟರಮಣನ ಪಟ ಟಕಟಕ ಬಡಿದುಕೊಳ್ಳುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ವಾಸಂತಿ ಎದ್ದು ಕೂತು ತಲೆ ಹಿಡಿದುಕೊಳ್ಳುತ್ತಿದ್ದಳು. ಹೀಗೆ ಹಲವು ಶನಿವಾರ ಕಳೆದ ಮೇಲೆ ಅವಳು ಗಂಡನನ್ನು ಕರೆದು, ಜಗಳ ಬೇಡ, ಮಲಗುವವರಿದ್ದಾರೆ ಸ್ವಲ್ಪ ಕಡಿಮೆ ಮಾಡಿ ಎಂದಷ್ಟೇ ಹೇಳಿ ಬನ್ನಿ ಎಂದು ಕಳಿಸಿದಳು.

ಮಧುಸೂದನ ಆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೇ ಹೋದ. ಫಿಂಟನ್ ಬಾಗಿಲು ತೆರೆದ. ಎತ್ತರದ ಆಳು, ಒಣಗಿದ ಮುಖ, ಕಪ್ಪು ಅಂಗಿ. ಸದ್ದು ಜಾಸ್ತಿಯಾಯಿತೇ ಎಂದು ಪಾಪ ಅವನೇ ಕೇಳಿದ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬಾಗಿಲು ತೆರೆದ ಆ ಮುಖದಲ್ಲಿ, ಯಾರೋ ಬಂದರಲ್ಲ ಎಂಬ ಬೆಳಕು ಕಾಣಿಸಿಬಿಟ್ಟಿತು.

“ಇಲ್ಲ ಇಲ್ಲ, ಗ್ರ್ಯಾಂಡ್ ಆಗಿದೆ. ನಮ್ಮ ಕಡೆ ಸರಿಯಾಗಿ ಕೇಳಿಸ್ತಾ ಇರ್ಲಿಲ್ಲ, ಅದಕ್ಕೇ ಬಂದೆ” ಎಂದುಬಿಟ್ಟ ನಮ್ಮ ಮಧುಸೂದನ.

ಫಿಂಟನ್ ಅವನ ಕೈಹಿಡಿದು ಒಳಗೆ ಕರೆದೊಯ್ದು, ಎರಡು ದೊಡ್ಡ ಸ್ಪೀಕರುಗಳ ನಡುವೆ ಕುರ್ಚಿ ಹಾಕಿ ಕೂರಿಸಿದ. ಅತಿಥಿಯ ಅನುಕೂಲಕ್ಕಾಗಿ ಸದ್ದನ್ನು ಇನ್ನಷ್ಟು ಏರಿಸಿದ. ಗೋಡೆಯಾಚೆ ವೆಂಕಟರಮಣ ಮೊಳೆಯಿಂದ ಕಳಚಿ ಬಿದ್ದದ್ದು ಆಗಲೇ.

ಅದು ತೆತ್ಸು ಯಾಶ ಎಂಬ ಜಪಾನಿ ಹೆವಿ ಮೆಟಲ್ ತಂಡದ ಮೊಟ್ಟಮೊದಲ ಆಲ್ಬಮ್. ಹಳೆಯ ಕಾಲದ ಕಪ್ಪು ತಟ್ಟೆ, ರೆಕಾರ್ಡು. ಯಾಶ ಎಂದರೆ ನಿಮ್ಮ ಯಕ್ಷನೇ, ನಿಮ್ಮಲ್ಲಿಂದ ಚೀನಾಕ್ಕೆ ಹೋಗಿ ಅಲ್ಲಿಂದ ಜಪಾನಿಗೆ ಬಂದವನು, ಆದ್ದರಿಂದ ಇದು ಉಕ್ಕಿನ ಯಕ್ಷ ಎಂದು ಫಿಂಟನ್ ಅರ್ಥ ಬಿಡಿಸಿ ಹೇಳಿದ. ಹೊದಿಕೆಯ ಮೇಲೆ ಕೋರೆಹಲ್ಲಿನ, ಕೆಂಗಣ್ಣಿನ ಒಬ್ಬ ರಾಕ್ಷಸ ಕತ್ತಿ ಹಿಡಿದು ನಿಂತಿದ್ದ. ಒಳಗಿನ ಸಂಗೀತವೂ ಆ ಚಿತ್ರಕ್ಕೆ ತಕ್ಕಂತೆಯೇ ಇತ್ತು. ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಮೂಟೆ ಸುರಿದ ಹಾಗೆ ಎಂದು ಮಧುಸೂದನ ನಮಗೆ ಆಮೇಲೆ ವರ್ಣಿಸಿದ. ಅಲ್ಲಿ ಮಾತ್ರ ಅವನು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕೂತಿದ್ದ. ಯಾವ ತಾಳವೆಂದು ಅವನಿಗೂ ತಿಳಿದಿರಲಿಲ್ಲ.

ಎರಡನೆಯ ಮುಖದ ಕೊನೆಯ ಹಾಡಿಗೆ ಮೊದಲು ಒಂದು ವಿಚಿತ್ರವಿತ್ತು. ಗದ್ದಲವೆಲ್ಲ ನಿಂತು ಸ್ವಲ್ಪ ಹೊತ್ತು ಮೌನ. ಆಗ ಫಿಂಟನ್ ಒಂದು ಬೆರಳೆತ್ತುತ್ತಿದ್ದ. ಪಿಂಗಾಣಿ ಕಪ್ಪುಗಳು ಒಂದಕ್ಕೊಂದು ತಾಗಿದ ಸಣ್ಣ ಸದ್ದು. ಆಮೇಲೆ ದೂರದಿಂದ ಒಂದು ಹೆಣ್ಣುದನಿ: “ಓಚಾ ಗಾ ಹೈರಿಮಾಶಿತಾ.” ಅದರ ಹಿಂದೆಯೇ ತಡೆದುಕೊಂಡ ಒಂದು ಚಿಕ್ಕ ನಗು. ಮರುಕ್ಷಣ ಡ್ರಮ್ಮು, ಗಿಟಾರು, ಚೀರಾಟ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತಿದ್ದವು. ಕುಕ್ಕರ್ ಕೂಗುವ ಮುಂಚಿನ ಬುಸುಗುಟ್ಟುವಿಕೆಯನ್ನು ನಾವು ಹೇಗೆ ಗುರುತಿಟ್ಟುಕೊಳ್ಳುತ್ತೇವೋ ಹಾಗೆ ಮಧುಸೂದನ ಆ ಹೆಣ್ಣುದನಿಯನ್ನು ಗುರುತಿಟ್ಟುಕೊಂಡ. ಅದು ಕೇಳಿದೊಡನೆ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಅಷ್ಟೇ. ಆಕೆ ಯಾರು, ಏನೆನ್ನುತ್ತಾಳೆ ಎಂದು ಕೇಳುವ ಆಸಕ್ತಿ ಅವನಿಗಿರಲಿಲ್ಲ. ಕೇಳಿದರೆ ಇನ್ನೊಮ್ಮೆ ಹಾಕಿ ತೋರಿಸಿಯಾನು ಎಂಬ ಭಯವಿತ್ತು.

ಮನೆಗೆ ಬಂದಾಗ ವಾಸಂತಿ, ಹೇಳಿ ಬಂದಿರಾ ಎಂದು ಕೇಳಿದಳು. ಮುಂದಿನ ಶನಿವಾರವೂ ಕರೆದಿದ್ದಾನೆ ಎಂದು ಇವನು ಉತ್ತರಿಸಿದ. ಅವಳು ಬಿದ್ದಿದ್ದ ವೆಂಕಟರಮಣನನ್ನು ಎತ್ತಿ ಮತ್ತೆ ಮೊಳೆಗೆ ತೂಗುಹಾಕಿದಳು.

ಅಂದಿನಿಂದ ಪ್ರತಿ ಶನಿವಾರವೂ ಇದೇ ಆಯಿತು. ಒಂದು ವಾರ ಹೋಗದಿದ್ದರೆ ಫಿಂಟನ್ ಬೇಲಿಯ ಪಕ್ಕ ನಿಂತು, ಆರೋಗ್ಯ ತಾನೆ ಎಂದು ವಿಚಾರಿಸುತ್ತಿದ್ದ. ಚಳಿ ಹೋಗಿ ಬೇಸಿಗೆ ಬಂತು, ಅಂದರೆ ಮಳೆ ಸ್ವಲ್ಪ ಬೆಚ್ಚಗಾಯಿತು. ಮಧುಸೂದನನ ಯಾತನೆ ಮುಂದುವರಿಯಿತು. ಯಾತನೆಯನ್ನು ಹಾಗೇ ಬಿಡುವ ಜಾಯಮಾನ ಅವನದಲ್ಲ. ತಾನೀಗ ಜಪಾನಿ ಸಂಗೀತದ ಅಧ್ಯಯನದಲ್ಲಿ ತೊಡಗಿದ್ದೇನೆ ಎಂದು ನಮ್ಮೆದುರು ಹೇಳಿಕೊಂಡ. ನಮ್ಮ ಕನ್ನಡ ಸಂಘದ ಅಧ್ಯಕ್ಷ ಶ್ರೀವತ್ಸನಿಗೆ ತಜ್ಞರೆಂದರೆ ಪ್ರಾಣ. ಯುಗಾದಿ ಸಮಾರಂಭದಲ್ಲಿ ಅವನು ಮಧುಸೂದನನಿಗೆ ಶಾಲು ಹೊದಿಸಿ, ಅಂತರರಾಷ್ಟ್ರೀಯ ಸಂಗೀತ ತಜ್ಞರು ಎಂದು ವೇದಿಕೆಯಿಂದಲೇ ಘೋಷಿಸಿದ. ಆ ಸಂಗೀತ ಕರ್ನಾಟಕೀಗೆ ಹತ್ತಿರವೋ ಹಿಂದೂಸ್ತಾನಿಗೋ ಎಂದು ಸಭೆಯಲ್ಲಿ ಯಾರೋ ಕೇಳಿದರು. ಎರಡರ ನಡುವೆ ಎಂದು ತಜ್ಞರು ಗಂಭೀರವಾಗಿ ಉತ್ತರಿಸಿದರು. ನಾವು ಚಪ್ಪಾಳೆ ತಟ್ಟಿದೆವು.

ಮಗಳು ತನ್ವಿ ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಟಾಲಾದ ಇಂಗ್ಲಿಷು. ಹೆವಿ ಮೆಟಲ್ ಕೇಳಲು ಹೋಗುವ ತಂದೆ ಇಡೀ ಶಾಲೆಯಲ್ಲಿ ತನಗೊಬ್ಬಳಿಗೇ ಇರುವುದು ಎಂದು ಅವಳು ಹೆಮ್ಮೆಪಟ್ಟಳು. ಅದೊಂದು ಮರ್ಯಾದೆ ಉಳಿಸಿಕೊಳ್ಳಲಾದರೂ ಅವನು ಶನಿವಾರ ತಪ್ಪಿಸುವಂತಿರಲಿಲ್ಲ.

ಆದರೆ ಒಂದು ಮಾತನ್ನು ನಾನಿಲ್ಲಿ ಹೇಳಲೇಬೇಕು. ಆ ಇಬ್ಬರೂ ಸಂಗೀತ ಮುಗಿದ ಮೇಲೆ ಚಹಾ ಕುಡಿಯುತ್ತಿದ್ದರು. ಫಿಂಟನ್ ಸಮುದ್ರದ ಕಥೆ ಹೇಳುತ್ತಿದ್ದ, ಇವನು ಗೋದಾಮಿನ ಕಥೆ ಹೇಳುತ್ತಿದ್ದ. ಗೋದಾಮಿನ ಕಥೆಯನ್ನು ಪೂರ್ತಿ ಕೇಳಿದ ಮನುಷ್ಯ ಅಯರ್ಲೆಂಡಿನಲ್ಲಿ ಫಿಂಟನ್ ಒಬ್ಬನೇ. ನಾವ್ಯಾರೂ ಕೇಳಿರಲಿಲ್ಲ. ಬೈದುಕೊಂಡೇ ಹೋಗುತ್ತಿದ್ದ ಮಧುಸೂದನ ಬರಬರುತ್ತಾ ಶುಕ್ರವಾರವೇ ಬಿಸ್ಕತ್ತು ತಂದಿಡತೊಡಗಿದ. ಅದನ್ನು ವಾಸಂತಿ ಗಮನಿಸಿದಳು. ಶನಿವಾರ ಅವಳು ತನ್ವಿಯ ಕೋಣೆಯಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡಳು.

ಸೆಪ್ಟೆಂಬರಿನಲ್ಲಿ ಫಿಂಟನ್‌ನ ಕೆಮ್ಮು ಬದಲಾಯಿತು. ಗೋಡೆಯಾಚೆಯಿಂದ ಕೇಳಿಯೇ ವಾಸಂತಿಗೆ ಅನುಮಾನ ಬಂದಿತ್ತು. ಡಾಕ್ಟರು ಪರೀಕ್ಷೆಗೆಂದು ಆಸ್ಪತ್ರೆಗೆ ಸೇರಿಸಿದರು. ಹೊರಡುವ ದಿನ ಅವನು ಬೇಲಿಯ ಹತ್ತಿರ ಬಂದು, ಆ ರೆಕಾರ್ಡನ್ನು ಎರಡೂ ಕೈಗಳಲ್ಲಿ ಹಿಡಿದು, ತಲೆ ಬಾಗಿಸಿ ಮಧುಸೂದನನಿಗೆ ಕೊಟ್ಟ. ಅಣ್ಣನ ಮಗಳು ಮನೆ ಗುಡಿಸಲು ಬರುತ್ತಾಳೆ, ಅವಳಿಗೆ ಹಳೆಯದೆಲ್ಲ ಕಸ, ನಾನು ಬರುವವರೆಗೆ ಇದು ನಿನ್ನಲ್ಲಿರಲಿ ಎಂದ. ಎರಡು ಕೈಯಲ್ಲಿ ಕೊಟ್ಟದ್ದನ್ನು ಎರಡು ಕೈಯಲ್ಲೇ ತೆಗೆದುಕೊಳ್ಳುವುದು ನಮ್ಮಲ್ಲೂ ಉಂಟಲ್ಲ. ಮಧುಸೂದನ ಹಾಗೇ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅಲ್ಲಿಂದಲೇ ಅನಾಹುತ ಆರಂಭವಾಯಿತು.

ಏಕೆಂದರೆ ಕೆಲವೇ ದಿನಗಳಲ್ಲಿ ಆಯುಧಪೂಜೆ ಬಂತು. ಮಧುಸೂದನನ ಮನೆಯ ಆಯುಧಪೂಜೆ ಎಂದರೆ ನಮ್ಮ ಬಡಾವಣೆಯಲ್ಲಿ ಪ್ರಸಿದ್ಧ. ಕಾರು, ಡ್ರಿಲ್ಲಿಂಗ್ ಮಷೀನು, ಮಿಕ್ಸಿ, ವಾಸಂತಿಯ ಸ್ಟೆತಾಸ್ಕೋಪು, ತನ್ವಿಯ ಲ್ಯಾಪ್‌ಟಾಪು, ಬಳಕೆಯಲ್ಲಿಲ್ಲದ ಎರಡನೆಯ ಬ್ರಾಡ್‌ಬ್ಯಾಂಡಿನ ಪೆಟ್ಟಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ. ನಂಬಿ ಕೊಟ್ಟ ವಸ್ತುವನ್ನು ಇವತ್ತು ಕಪಾಟಿನಲ್ಲಿ ಸುಮ್ಮನೆ ಬಿಡುವುದು ಹೇಗೆ ಎಂದು ಅವನಿಗೆ ಅನ್ನಿಸಿತು. ಪೂಜೆ ಮಾಡಿದರೆ ಮುದುಕ ಬೇಗ ಗುಣವಾಗಿ ಬಂದಾನು ಎಂದೂ ಅನ್ನಿಸಿತು. ಈ ಎರಡನೆಯದನ್ನು ಅವನು ಯಾರಿಗೂ ಹೇಳಲಿಲ್ಲ.

ಮಣೆಯ ಮೇಲೆ ಕೋರೆಹಲ್ಲಿನ ರಾಕ್ಷಸನನ್ನು ಕಂಡ ವಾಸಂತಿ, ದೇವರ ಮುಂದೆ ಇವನಿರಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದಳು. ಇವನು ರಾಕ್ಷಸನಲ್ಲ ಯಕ್ಷ, ನಮ್ಮ ಕಡೆಯವನೇ, ಚೀನಾ ಮೇಲೆ ಹೋದವನು ಎಂದು ಮಧುಸೂದನ ವಾದಿಸಿದ. ವಾದ ನಡೆಯಲಿಲ್ಲ. ಕೊನೆಗೆ ರಾಜಿಯಾಯಿತು. ಚಿತ್ರವಿರುವ ಹೊದಿಕೆ ಕಪಾಟಿನಲ್ಲಿರಲಿ, ಒಳಗಿನ ತಟ್ಟೆ ಮಾತ್ರ ಪೂಜೆಗೆ ಬರಲಿ. ಹೀಗೆ, ದೇವರಿಗೆ ಮುಜುಗರವಾಗದಿರಲೆಂದು, ಉಕ್ಕಿನ ಯಕ್ಷನ ಕಪ್ಪು ತಟ್ಟೆ ಬರಿಮೈಯಲ್ಲಿ ಮಣೆಯ ಮೇಲೆ ಬಂದು ಕೂತಿತು. ಅದಕ್ಕೆ ಮಧುಸೂದನ ಗಂಧ ತೇಯ್ದು ಹಚ್ಚಿದ. ಅರಿಶಿನ ಕಲಸಿ ಬೊಟ್ಟಿಟ್ಟ, ಅದರ ಮೇಲೆ ಕುಂಕುಮವಿಟ್ಟ. ಅಕ್ಷತೆ ಹಾಕಿದ, ಹೂವೇರಿಸಿದ. ನಡುವಿನ ತೂತಿನಲ್ಲಿ ಒಂದು ಊದುಬತ್ತಿಯನ್ನೂ ಸಿಕ್ಕಿಸಿದ. ಅಷ್ಟು ಚೆನ್ನಾಗಿ ಬೇರಾವ ಆಯುಧಕ್ಕೂ ಅಂದು ಪೂಜೆಯಾಗಲಿಲ್ಲ.

ಶಾಲೆಯಿಂದ ಬಂದ ತನ್ವಿ ಮಣೆಯ ಮುಂದೆ ಬ್ಯಾಗ್ ಕೆಳಗಿಟ್ಟು, “ಅಪ್ಪ, ಯು ಕಾಂಟ್ ಪುಟ್ ಸ್ಟಫ್ ಆನ್ ಅ ರೆಕಾರ್ಡ್” ಎಂದಳು. ಹಾಡು ಇರುವುದೇ ಆ ಗೆರೆಗಳಲ್ಲಿ, ಮುಳ್ಳು ಓಡುವುದು ಅಲ್ಲೇ ಎಂದು ಬಿಡಿಸಿ ಹೇಳಿದಳು. ಅಂತರರಾಷ್ಟ್ರೀಯ ಸಂಗೀತ ತಜ್ಞನಿಗೆ ಈ ವಿಷಯ ಆಗಲೇ ಗೊತ್ತಾದದ್ದು.

ಒರೆಸಿದ. ಅರಿಶಿನ ಗೆರೆಗಳ ಒಳಗೆ ಇಳಿದು ಗಟ್ಟಿಯಾಗಿತ್ತು. ಶ್ರೀವತ್ಸನಿಗೆ ಫೋನು ಮಾಡಿದ. ಕುಂಕುಮದ ಕಲೆಗೆ ಕೊಬ್ಬರಿ ಎಣ್ಣೆಗಿಂತ ಮದ್ದಿಲ್ಲ, ರೇಷ್ಮೆ ಸೀರೆಗೇ ಹಚ್ಚುತ್ತಾರೆ ಎಂದು ಅಧ್ಯಕ್ಷರು ತಕ್ಷಣ ಪರಿಹಾರ ಕೊಟ್ಟರು. ಮಧುಸೂದನ ಎಣ್ಣೆಯನ್ನು ಬೆಚ್ಚಗೆ ಮಾಡಿ ಧಾರಾಳವಾಗಿ ಸವರಿ, ನೆನೆಯಲಿ ಎಂದು ಕಿಟಕಿಯ ಬಳಿ ಇಟ್ಟ. ಊರಿನಲ್ಲಾಗಿದ್ದರೆ ಎಣ್ಣೆ ಎಣ್ಣೆಯಾಗಿಯೇ ಇರುತ್ತಿತ್ತು. ಅಯರ್ಲೆಂಡಿನ ಅಕ್ಟೋಬರಿನಲ್ಲಿ ಕೊಬ್ಬರಿ ಎಣ್ಣೆ ಎಲ್ಲಿರುತ್ತದೋ ಅಲ್ಲೇ ಮೇಣವಾಗುತ್ತದೆ. ಬೆಳಿಗ್ಗೆ ನೋಡಿದರೆ ಕಪ್ಪು ತಟ್ಟೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದ. ಉಳಿದದ್ದನ್ನು ಪಿನ್ನಿನ ತುದಿಯಿಂದ ಕೆದಕಿದ. ಪಿನ್ನು ಒಂದು ಕಡೆ ಜಾರಿತು. ಅಂಚಿನಲ್ಲಲ್ಲ, ಒಳಗಡೆ, ನಡುವಿನ ಚೀಟಿಗೆ ಹತ್ತಿರ. ನೋಡಿದರೆ ಕಂಡೂ ಕಾಣದಷ್ಟು ಸಣ್ಣ ಗೀರು. ಯಕ್ಷ ಇಷ್ಟು ಕಿರುಚುತ್ತಾನೆ, ಒಂದು ಗೀರು ಯಾರಿಗೆ ಗೊತ್ತಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊದಿಕೆಯೊಳಗೆ ತೂರಿಸಿಟ್ಟ.

ಮರುದಿನ ಆಸ್ಪತ್ರೆಗೆ ಹೋದ. ಪರೀಕ್ಷೆಯ ಫಲಿತಾಂಶ ಬಂದಿತ್ತು. ಮನೆಗೆ ಕಳಿಸುವ ಮಾತನ್ನು ಇನ್ನು ಯಾರೂ ಆಡುತ್ತಿರಲಿಲ್ಲ. ಫಿಂಟನ್‌ನನ್ನು ಬೇರೆ ಕೋಣೆಗೆ, ಕಿಟಕಿಯಿಂದ ಬೆಟ್ಟ ಕಾಣುವ ಕಡೆಗೆ ಹಾಕಿದ್ದರು. ಕಿಟಕಿಯಿಂದ ಬೆಟ್ಟ ಕಾಣುವ ಕೋಣೆಗೆ ಯಾರನ್ನು ಹಾಕುತ್ತಾರೆ ಎಂಬುದು ವಾಸಂತಿಯ ಗಂಡನಿಗೆ ತಿಳಿದಿತ್ತು. ಅವನು ಸೇಬುಹಣ್ಣಿನ ಚೀಲ ಹಿಡಿದು ಹಾಸಿಗೆಯ ಪಕ್ಕ ಕೂತ. ಅಂದು ಫಿಂಟನ್ ಆಡಿದ್ದನ್ನು ಮಧುಸೂದನ ನಮಗೆ ಹೇಳಿದ ಹಾಗೇ ಬರೆಯುತ್ತೇನೆ.

“ಆ ರೆಕಾರ್ಡು ಒಂದು ಸಲ ಕೇಳ್ಬೇಕು ಮಧು. ಪೂರ್ತಿ ಬೇಡ. ಕೊನೇ ಹಾಡಿಗೆ ಮುಂಚೆ ಒಬ್ಳು ಮಾತಾಡ್ತಾಳಲ್ಲ, ಅವಳು ಸಚಿಯೆ. ನನ್ನ ಹೆಂಡತಿ.”

ಓಸಾಕಾದಲ್ಲಿ ಹಡಗು ರಿಪೇರಿಗೆ ನಿಂತ ವರ್ಷ ಅವನು ಬಾಡಿಗೆಗಿದ್ದ ಮನೆಯ ಕೆಳಗೇ ಆ ತಂಡದವರ ಸ್ಟುಡಿಯೊ. ಪಕ್ಕದ ಚಹಾ ಅಂಗಡಿಯ ಹುಡುಗಿ ಅವರಿಗೆ ಚಹಾ ತರುತ್ತಿದ್ದಳು. ಒಂದು ದಿನ ರೆಕಾರ್ಡಿಂಗ್ ನಡೆಯುತ್ತಿದೆ ಎಂದು ತಿಳಿಯದೆ ಬಾಗಿಲು ತೆರೆದು, ಚಹಾ ಆಯಿತು ಎಂದಳು. ತಿಳಿದ ಮೇಲೆ ನಗು ತಡೆದುಕೊಂಡಳು. ಹುಡುಗರು ಅದನ್ನು ತೆಗೆಯದೆ ಹಾಗೇ ಉಳಿಸಿಕೊಂಡರು. ಅಂದು ಮೂಲೆಯಲ್ಲಿ ಕೂತಿದ್ದ ಫಿಂಟನ್ ಅವಳನ್ನು ಮೊದಲ ಸಲ ನೋಡಿದ್ದೂ ಆಗಲೇ. ಮದುವೆಯಾಗಿ ಟಾಲಾಕ್ಕೆ ಬಂದವಳು ಬಹಳ ನಾಚಿಕೆಯ ಹೆಂಗಸು. ಯಾರಾದರೂ ಟೇಪು, ಕ್ಯಾಮೆರಾ ತೆಗೆದರೆ ಅಡುಗೆಮನೆ ಸೇರಿಬಿಡುತ್ತಿದ್ದಳು. ಫೋಟೋಗಳು ಕೆಲವಿವೆ. ದನಿ ಅಂತ ಉಳಿದಿರುವುದು ಆ ತಟ್ಟೆಯಲ್ಲಿ ಮಾತ್ರ.

ಗಡಗಡ ಸದ್ದು ಆ ಮನುಷ್ಯನಿಗೂ ಅಷ್ಟೇನೂ ಇಷ್ಟವಿರಲಿಲ್ಲವಂತೆ. ಅಲ್ಲಿಗೆ ತಲುಪಬೇಕಾದರೆ ಅದನ್ನೆಲ್ಲ ದಾಟಿಯೇ ಹೋಗಬೇಕು, ಮೊದಲ ದಿನ ತಾನೂ ಹಾಗೇ ದಾಟಿದ್ದಲ್ಲವೇ ಎಂದು ಫಿಂಟನ್ ಹೇಳಿದ.

ಮಧುಸೂದನನಿಗೆ ನಡುವಿನ ಚೀಟಿಗೆ ಹತ್ತಿರ, ಕೊನೆಯ ಹಾಡು ಇರುವ ಕಡೆಯೇ ಬಿದ್ದ ಗೀರು ಕಣ್ಣ ಮುಂದೆ ಬಂತು. ಈಗಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದ. ಆದರೆ ಎದುರಿಗೆ ಆ ಮುಖವಿತ್ತು. ರೆಕಾರ್ಡು ಹೇಗಿದೆ ಎಂದು ಫಿಂಟನ್ ಕೇಳಿದ್ದಕ್ಕೆ ಗ್ರ್ಯಾಂಡ್ ಎಂದು ಹೇಳಿ, ಸೇಬಿನ ಚೀಲವನ್ನೂ ವಾಪಸು ಎತ್ತಿಕೊಂಡು ಹೊರಗೆ ಬಂದ.

ಅಂದು ಸಂಜೆ ಅವನು ನಮ್ಮ ಮನೆಗಳ ಬಾಗಿಲು ತಟ್ಟಿಕೊಂಡು ತಿರುಗಿದ್ದನ್ನು ನಾನು ಕಂಡಿದ್ದೇನೆ. ನಗಾಡಲು ನಮಗೆ ಇಷ್ಟು ಒಳ್ಳೆಯ ಸಂದರ್ಭ ಸಿಕ್ಕಿರಲಿಲ್ಲ, ಆದರೂ ನಗು ಬರಲಿಲ್ಲ. ಅತ್ಲೋನ್ ಎಂಬ ಊರಿನಲ್ಲಿ ಓದು ಮುಗಿಸಿ ಈಗ ಡಬ್ಲಿನ್ನಿನಲ್ಲಿ ಕೆಲಸ ಮಾಡುವ ತರುಣ್ ಹಳೆಯ ರೆಕಾರ್ಡುಗಳ ಹುಚ್ಚಿನವನು. ಅವನು ಆ ಆಲ್ಬಮ್ಮನ್ನು ಇಂಟರ್ನೆಟ್ಟಿನಲ್ಲಿ ಕ್ಷಣದಲ್ಲಿ ಹುಡುಕಿಕೊಟ್ಟ. ಮಧುಸೂದನ ಹಿರಿಹಿರಿ ಹಿಗ್ಗಿ ಕೊನೆಯ ಹಾಡು ಹಾಕಿಸಿದ. ಅದು ನೇರವಾಗಿ ಚೀರಾಟದಿಂದಲೇ ಆರಂಭವಾಯಿತು. ತಂಡಕ್ಕೆ ಹೆಸರು ಬಂದ ಮೇಲೆ ದೊಡ್ಡ ಕಂಪನಿಯವರು ಮತ್ತೆ ಹೊರತಂದಾಗ, ಯಾರೋ ಚಹಾದವಳ ಮಾತು ತಪ್ಪಿ ಸೇರಿಕೊಂಡಿದೆ ಎಂದು ಕತ್ತರಿಸಿ ಹಾಕಿದ್ದರು. ಮೊದಲು ಒತ್ತಿದ ಕೆಲವೇ ತಟ್ಟೆಗಳಲ್ಲಿ ಅದು ಉಳಿದಿತ್ತು. ಅಂಥದೊಂದು ಮಾರಾಟಕ್ಕೆ ಸಿಕ್ಕರೂ ಜಪಾನಿನಿಂದ ಬರಲು ವಾರಗಟ್ಟಲೆ ಬೇಕು ಎಂದ ತರುಣ್. ವಾರಗಟ್ಟಲೆ ಇಲ್ಲ ಎಂದಳು ವಾಸಂತಿ.

ತರುಣನ ಬಳಿ ಸೂಟ್‌ಕೇಸಿನಂತೆ ಮುಚ್ಚುವ ಒಂದು ಸಣ್ಣ ಪ್ಲೇಯರ್ ಇತ್ತು. ಅದರ ಮುಳ್ಳು ಗೀರನ್ನು ದಾಟಿದರೂ ದಾಟೀತು, ಹಾಕಿ ನೋಡಿದರೆ ಗೀರು ಇನ್ನಷ್ಟು ಹೆಚ್ಚೀತು ಎಂದು ಅವನು ಎರಡೂ ಹೇಳಿದ. ಆದ್ದರಿಂದ ಹಾಕಿ ನೋಡದೆಯೇ ಹೊರಟರು. ಶನಿವಾರ ಮಧ್ಯಾಹ್ನ ಮಧುಸೂದನ ಆ ಪೆಟ್ಟಿಗೆಗೆ ಚಳಿಯಾಗದಿರಲೆಂದು ಸಂಘ ಹೊದಿಸಿದ್ದ ಶಾಲು ಸುತ್ತಿ, ಎದೆಗವಚಿಕೊಂಡು ಲುವಾಸ್ ಟ್ರಾಮ್ ಹತ್ತಿದ. ಪಕ್ಕದಲ್ಲಿ ವಾಸಂತಿ ರೆಕಾರ್ಡು ಹಿಡಿದಿದ್ದಳು. ಯಾವ ರಾಕ್ಷಸನನ್ನು ದೇವರ ಮಣೆಗೆ ಸೇರಿಸಲಿಲ್ಲವೋ ಅವನನ್ನೇ ಮಡಿಲಲ್ಲಿಟ್ಟುಕೊಂಡು ಕೂತಳು. ಶಾಲಿನ ಗಂಟನ್ನು ಕಂಡ ಒಬ್ಬಳು ಅಜ್ಜಿ, ಮಗು ನಿದ್ದೆ ಮಾಡುತ್ತಿದೆಯೇ ಎಂದು ವಿಚಾರಿಸಿದಳು. ಮಧುಸೂದನ ಹೌದೆಂದ. ಅಜ್ಜಿಗೆ ಇಲ್ಲವೆನ್ನುವುದು ಹೇಗೆ. ಆಸ್ಪತ್ರೆಯ ನಿಲ್ದಾಣ ಬರುವವರೆಗೂ ಅವನು ಆ ಪೆಟ್ಟಿಗೆಯನ್ನು ತಟ್ಟುತ್ತಲೇ ಇರಬೇಕಾಯಿತು.

ವಾರ್ಡಿನ ಮುಖ್ಯ ನರ್ಸಿಗೆ ವಾಸಂತಿ ಮೊದಲೇ ಹೇಳಿಟ್ಟಿದ್ದಳು. ಯಾವ ಬಗೆಯ ಸಂಗೀತ ಎಂದು ಆಕೆ ಕೇಳಿದಾಗ, ಸ್ವಲ್ಪ ಹಳೆಯದು ಎಂದಷ್ಟೇ ಹೇಳಿದ್ದಳು. ದಾಕ್ಷಿಣ್ಯದ ಕಾಯಿಲೆ ಅಂಟುಜಾಡ್ಯವೆಂದು ನನಗೆ ಗೊತ್ತಾದದ್ದು ಆ ಮಾತು ಕೇಳಿದಾಗ.

ಫಿಂಟನ್ ದಿಂಬಿಗೆ ಒರಗಿದ್ದ. ವಾರದೊಳಗೆ ಅರ್ಧವಾಗಿದ್ದ. ವಾಸಂತಿಯನ್ನು ಕಂಡವನೇ, ಇಷ್ಟು ದಿನ ಶನಿವಾರದ ನಿದ್ದೆ ಕೆಡಿಸಿದ್ದಕ್ಕೆ ಕ್ಷಮಿಸಬೇಕು ಎಂದ. ಅವನಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು ಎಂಬುದು ಮಧುಸೂದನನಿಗೆ ಆಗ ಹೊಳೆಯಿತು. ಅವನು ತಲೆ ಎತ್ತಲಾರದೆ ಪ್ಲೇಯರಿನ ವೈರು ಬಿಡಿಸುತ್ತಾ ಕೂತ.

ಹೊದಿಕೆಯಿಂದ ತಟ್ಟೆ ತೆಗೆದು ಇಟ್ಟು, ಎರಡನೆಯ ಮುಖದ ಒಳಭಾಗದಲ್ಲಿ ಮುಳ್ಳು ಇಳಿಸಿದ. ಕೊನೆಯ ಹಾಡಿಗೆ ಹಿಂದಿನ ಹಾಡು. ಆ ಪುಟ್ಟ ಪೆಟ್ಟಿಗೆಯಿಂದ ಯಕ್ಷನ ಆರ್ಭಟ ಸೊಳ್ಳೆಯ ಸದ್ದಿನಷ್ಟೇ ಬಂತು, ನಡುನಡುವೆ ಅಕ್ಕಿ ಹುರಿದಂತೆ ಚಟಪಟ. ಹಾಡು ಮುಗಿಯಿತು. ಮೌನ. ಫಿಂಟನ್ ಬೆರಳೆತ್ತಿದ.

ಮುಳ್ಳು ಟಕ್ ಎಂದು ಹಾರಿತು. ಹಾರಿ ಬಿದ್ದದ್ದು ಕೊನೆಯ ಹಾಡಿನ ನಡುಮಧ್ಯಕ್ಕೆ.

ಮಧುಸೂದನ ಮುಳ್ಳೆತ್ತಿ ಇನ್ನೊಮ್ಮೆ ಇಟ್ಟ. ಮತ್ತೆ ಹಾರಿತು. ಆ ಬೆರಳು ಮಾತ್ರ ಗಾಳಿಯಲ್ಲಿ ಹಾಗೇ ನಿಂತಿತ್ತು. ಬಾಗಿಲಲ್ಲಿ ಮುಖ್ಯ ನರ್ಸ್ ಬಂದು ನಿಂತಿದ್ದಳು. ಯಾರಿಗೂ ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ. ತನ್ನ ಜೀವಮಾನದಲ್ಲಿ ಅಂಥ ಸಂಕಟ ತನಗೆ ಆಗಿರಲಿಲ್ಲ, ತಾಯಿ ಹೋದಾಗಲೂ ಆಗಿರಲಿಲ್ಲ ಎಂದು ಅವನು ನನ್ನ ಬಳಿ ಹೇಳಿದ್ದಾನೆ. ಆ ಸಂಕಟದಲ್ಲಿ, ಏನು ಮಾಡುತ್ತಿದ್ದೇನೆಂದು ತಿಳಿಯುವ ಮುಂಚೆಯೇ ಅವನ ಬಾಯಿಂದ ಹೊರಟುಬಿಟ್ಟಿತು.

“ಓಚಾ ಗಾ ಹೈರಿಮಾಶಿತಾ.”

ತುಮಕೂರಿನ ಗಂಡುದನಿ, ಗಣೇಶೋತ್ಸವದ ಮೈಕಿನ ದನಿ. ಹೆಂಗಸಿನಂತೆ ಸಣ್ಣದು ಮಾಡಲು ಹೋಗಿ ಮಧ್ಯೆ ಒಡೆದಿತ್ತು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಆ ನಗುವನ್ನೂ ನಕ್ಕ. ಮುಖ್ಯ ನರ್ಸ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ವಾಸಂತಿ ಗಂಡನನ್ನು ಕಣ್ಣುಬಿಟ್ಟು ನೋಡಿದಳು. ಅಷ್ಟು ವಾರ ಕುರ್ಚಿ ಗಟ್ಟಿ ಹಿಡಿದುಕೊಳ್ಳಲು ಕಾದು ಕೂತವನಿಗೆ ಆ ಮಾತಿನ ಏರಿಳಿತವೆಲ್ಲ ಬಾಯಿಗೆ ಬಂದಿತ್ತು.

ಫಿಂಟನ್‌ನ ಬೆರಳು ನಿಧಾನವಾಗಿ ಹೊದ್ದ ಕಂಬಳಿಯ ಮೇಲೆ ಇಳಿಯಿತು. ತುಟಿ ಅಲುಗಿತು. ಮಧುಸೂದನ ಅವನ ಬಾಯಿಯ ಹತ್ತಿರ ಬಗ್ಗಿದ.

“ಬೇಗ ಆಯ್ತು ಮಧು. ಕಪ್ಪಿನ ಸದ್ದು ಮೊದಲು.”

“ನಾನೇ ಹಾಳು ಮಾಡಿದ್ದು. ಪೂಜೆ ಮಾಡ್ದೆ, ಎಣ್ಣೆ ಹಚ್ದೆ. ನಿಮಗೆ ಹೇಳ್ಲಿಲ್ಲ” ಎಂದ ಮಧುಸೂದನ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ರೆಕಾರ್ಡಿನ ಹೊದಿಕೆ ಬಿಚ್ಚಿದಾಗಲೇ ಕೊಬ್ಬರಿ ವಾಸನೆ ಬಂತು ಎಂದು ಫಿಂಟನ್ ಹೇಳಿದ. ಕೋಪವಿರಲಿಲ್ಲ. ಕೋಪಕ್ಕೆ ಬೇಕಾಗುವಷ್ಟು ಉಸಿರೂ ಇರಲಿಲ್ಲ. ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದ.

ಈ ಸಲ ವಾಸಂತಿ ಮೇಜಿನ ಮೇಲಿದ್ದ ಆಸ್ಪತ್ರೆಯ ಕಪ್ಪನ್ನೂ ಚಮಚವನ್ನೂ ಕೈಗೆತ್ತಿಕೊಂಡಳು. ಹಿಂದಿನ ಹಾಡು ಮುಗಿಯುತ್ತಲೇ ಮಧುಸೂದನ ಮುಳ್ಳೆತ್ತಿದ. ಮೌನ. ಅವಳು ಕಪ್ಪು ತಾಗಿಸಿದಳು, ಅವನು ಹೇಳಿದ, ನಕ್ಕ. ನಗು ಜಾಸ್ತಿಯಾಯಿತು, ಅವಳು ಅಷ್ಟು ನಗಲಿಲ್ಲ ಎಂದ ಫಿಂಟನ್. ಮತ್ತೆ ಮಾಡಿದರು. ಬಾಗಿಲು ತೆರೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಲ್ಲ, ಅವಳ ಕೈಯಲ್ಲಿ ಚಹಾದ ತಟ್ಟೆ ಇತ್ತು ಎಂದ. ಅದೂ ಸರಿಯೆನಿಸಿತು. ಒಂದೊಂದು ಸಲವೂ ಒಂದೊಂದು ತಪ್ಪು ಹಿಡಿದ. ತಪ್ಪು ಹಿಡಿಯುವಾಗ ಅವನ ಮುಖದಲ್ಲಿ, ಮೊದಲ ದಿನ ಬಾಗಿಲು ತೆರೆದಾಗಿನ ಆ ಬೆಳಕು ಇತ್ತಂತೆ. ಮುಖ್ಯ ನರ್ಸ್ ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಗೋಡೆಗೆ ಒರಗಿ ನಿಂತಳು. ಕಿಟಕಿಯಾಚೆ ಬೆಟ್ಟದ ಮೇಲೆ ಮೋಡ ಕವಿಯುತ್ತಿತ್ತು.

ಮಧುಸೂದನ ಇನ್ನೊಮ್ಮೆ ಹಾಡು ಹಾಕಿದ, ಮುಳ್ಳೆತ್ತಿದ. ಬಾಗಿಲು ತೆರೆಯುವಷ್ಟು ಹೊತ್ತು ಕಾದ. ವಾಸಂತಿ ಕಪ್ಪಿಗೆ ಚಮಚವನ್ನು ಇಷ್ಟೇ ಇಷ್ಟು ತಾಗಿಸಿದಳು. ಅವನು ದನಿ ಸಣ್ಣದು ಮಾಡಲು ಹೋಗದೆ, ದೂರದಿಂದ ಬಂದವನಂತೆ ಮೆಲ್ಲಗೆ, ಚಹಾ ಆಯಿತು ಎಂದು ಆ ಭಾಷೆಯಲ್ಲಿ ಹೇಳಿದ. ನಗುವನ್ನು ಅರ್ಧದಲ್ಲೇ ತಡೆದುಕೊಂಡ.

ತಡೆದುಕೊಂಡವನು ತಲೆ ತಗ್ಗಿಸಿ, ಈ ಸಲದ ತಪ್ಪು ಏನೆಂದು ಕೇಳಲು ಕಾದ. ಫಿಂಟನ್ ಏನೂ ಹೇಳಲಿಲ್ಲ. ನಗು ಇನ್ನೂ ಜಾಸ್ತಿಯಾಯಿತೇನೋ ಎಂದು ಮಧುಸೂದನ ಮತ್ತೆ ಮುಳ್ಳಿನ ಕಡೆ ಕೈಚಾಚಿದ.

ವಾಸಂತಿ ನರ್ಸು. ಅವಳಿಗೆ ಅವನಿಗಿಂತ ಮೊದಲೇ ತಿಳಿದಿತ್ತು. ಅವಳು ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟು ಗಂಡನ ಕೈ ಹಿಡಿದುಕೊಂಡಳು.

“ಸಾಕು ಬಿಡಿ, ರೀ” ಎಂದಳು. “ಈ ಸಲ ಸರಿಯಾಗೇ ಬಂತು.”